ಟಾರ್ಚ್ ಹಿಡಿದವನ ಅಂಗಿ

“ಅವನು ಸುಮ್ನೆ ಟಾರ್ಚ್ ಹಿಡಿಯೋನು, ಬಿಡಿ ಸರ್.”

ಮಂಗಳವಾರ ಕೇಳಿದ ಮಾತು. ವಾರ ಮುಗಿಯುತ್ತಾ ಬಂದರೂ ತಲೆಯಿಂದ ಹೋಗುತ್ತಿಲ್ಲ.

ರಿಲೇ (ದೋಷ ಕಂಡರೆ ಕರೆಂಟ್ ಕಡಿಸುವ ಸಾಧನ) ಟೆಸ್ಟಿಂಗ್‌ಗೆ ಅಂತ ಒಂದು ಕಾರ್ಖಾನೆಗೆ ಹೋಗಿದ್ದೆ. ಪ್ಯಾನೆಲ್‌ನಿಂದ ಬ್ರೇಕರ್, ಅಂದರೆ ಅಲ್ಲಿನ ದೊಡ್ಡ ಸ್ವಿಚ್, ಹೊರಗೆ ಎಳೆಯಬೇಕಿತ್ತು. ಬ್ರೇಕರ್ ಆಫ್ ಆಗಿತ್ತು, ಆದರೆ ಹಿಂದಿನ ಬಸ್‌ಬಾರ್‌ನಲ್ಲಿ, ಅಂದರೆ ಕರೆಂಟ್ ತರುವ ಲೋಹದ ಪಟ್ಟಿಯಲ್ಲಿ, ಕರೆಂಟ್ ಹಾಗೇ ಇತ್ತು. ಟೆಕ್ನಿಷಿಯನ್ ಆರ್ಕ್ ಫ್ಲ್ಯಾಶ್ ಸೂಟ್ ಹಾಕಿಕೊಂಡು ನಿಂತಿದ್ದ. ಕರೆಂಟ್ ಗಾಳಿಯಲ್ಲೇ ಹಾರಿ ಬೆಂಕಿಯಂತೆ ಸಿಡಿಯುವುದೇ ಆರ್ಕ್ ಫ್ಲ್ಯಾಶ್, ಅದರ ಬಿಸಿಯಿಂದ ಕಾಪಾಡೋಕೆ ಈ ಸೂಟ್. ಚದರ ಸೆಂಟಿಮೀಟರಿಗೆ 40 ಕ್ಯಾಲೊರಿ ಬಿಸಿ ತಡೆಯುವಂಥದ್ದು. ದಪ್ಪ ಜಾಕೆಟ್, ಪ್ಯಾಂಟ್, ತಲೆಯಿಂದ ಹೆಗಲವರೆಗೆ ಮುಚ್ಚುವ ಹುಡ್, ರಬ್ಬರ್ ಗ್ಲೋವ್ಸ್ ಮೇಲೆ ಚರ್ಮದ ಗ್ಲೋವ್ಸ್. ಸೂಟಿನ ಮಡಿಕೆ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಅಲ್ಲಿನ ಎಂಜಿನಿಯರ್ ಅದನ್ನು ಹೆಮ್ಮೆಯಿಂದ ತೋರಿಸಿದರು. ಹೆಮ್ಮೆ ಪಡಬೇಕಾದ್ದೇ. ಅದನ್ನು ತರಿಸಲು ಅವರು ಮೇಲಿನವರ ಹತ್ತಿರ ಸಾಕಷ್ಟು ಜಗಳ ಆಡಿದ್ದರಂತೆ.

ಅವನ ಪಕ್ಕದಲ್ಲೇ ಒಬ್ಬ ಹುಡುಗ. ಕೈಯಲ್ಲಿ ಟಾರ್ಚ್. ಮೈಮೇಲೆ ಕಂಪನಿ ಕೊಟ್ಟ ಟೀ ಶರ್ಟ್, ಮಿರಮಿರ ಮಿಂಚುವ ತೆಳು ಪಾಲಿಯೆಸ್ಟರ್, ತೋಳು ಮೊಣಕೈಯಿಂದ ಮೇಲಕ್ಕೆ. ಹುಡ್‌ನ ಕಿಟಕಿಗೆ ಬಣ್ಣ ಇರುತ್ತದಲ್ವಾ, ಒಳಗಿನವನಿಗೆ ಎಲ್ಲ ಮಬ್ಬಾಗಿ ಕಾಣುತ್ತದೆ. ಅದಕ್ಕೇ ಬೆಳಕು ಹಿಡಿಯಲು ಇವನು ಬೇಕು. ಅಂದರೆ ಆ ಸೂಟಿನ ದೆಸೆಯಿಂದಲೇ ಹುಡುಗ ಅಷ್ಟು ಹತ್ತಿರ ನಿಂತಿದ್ದ.

ಸೂಟನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಅವನು ಕೇಳಿದ: “ಸರ್, ನನಗೆ?”

ಕೊಂಕು ಇರಲಿಲ್ಲ, ದೂರೂ ಇರಲಿಲ್ಲ. ತಿಳಿದುಕೊಳ್ಳೋಕೆ ಕೇಳಿದ, ಅಷ್ಟೇ. ಅದಕ್ಕೆ ಬಂದ ಉತ್ತರ ಮೇಲೆ ಬರೆದದ್ದು. ಅದನ್ನೂ ಎಂಜಿನಿಯರ್ ಅವನಿಗೆ ಹೇಳಲಿಲ್ಲ, ನನ್ನ ಕಡೆ ತಿರುಗಿ ಹೇಳಿದರು.

ಆರ್ಕ್ ಎದ್ದರೆ ಅದರ ಬಿಸಿ 19,000 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗಬಹುದು. ಸೂರ್ಯನ ಮೇಲ್ಮೈಗಿಂತ ಮೂರು ಪಟ್ಟಿಗೂ ಜಾಸ್ತಿ. ತಾಮ್ರ ಕರಗಿ, ಆವಿಯಾಗಿ, ಸಾವಿರಾರು ಪಟ್ಟು ಹಿಗ್ಗಿ ಹೊರಗೆ ಸಿಡಿಯುತ್ತದೆ. ಬರಿ ಚರ್ಮಕ್ಕೆ ಚದರ ಸೆಂಟಿಮೀಟರಿಗೆ 1.2 ಕ್ಯಾಲೊರಿ ತಾಗಿದರೆ ಸಾಕು, ಬೊಬ್ಬೆ ಏಳುವಂಥ ಸುಟ್ಟಗಾಯ. ಪಾಲಿಯೆಸ್ಟರ್ ಅಂತೂ 260 ಡಿಗ್ರಿ ಹತ್ತಿರ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಡಾಕ್ಟರು ಅದನ್ನು ಚರ್ಮದ ಜೊತೆಗೇ ಬಿಡಿಸಬೇಕಾಗುತ್ತದೆ. ಸೂಟ್ ಒಳಗೂ ಪಾಲಿಯೆಸ್ಟರ್, ನೈಲಾನ್ ಬೇಡ, ಹತ್ತಿ ಬನಿಯನ್ನೇ ಇರಲಿ ಅನ್ನುವುದು ಇದೇ ಕಾರಣಕ್ಕೆ. ಈ ಹುಡುಗನಿಗೆ ಹೊರಗೂ ಅದೇ, ಒಳಗೂ ಅದೇ.

ರಾಲ್ಫ್ ಲೀ ಎಂಬ ಎಂಜಿನಿಯರ್ 1982ರಲ್ಲಿ ಆರ್ಕ್‌ನ ಸುಟ್ಟಗಾಯದ ಬಗ್ಗೆ ಒಂದು ಪ್ರಬಂಧ ಬರೆದರು. ಕರೆಂಟಿನ ಅಪಾಯ ಅಂದರೆ ಶಾಕ್ ಹೊಡೆಯೋದು ಅಂತಷ್ಟೇ ಜನ ಯೋಚಿಸುತ್ತಿದ್ದ ಕಾಲ. ಎಷ್ಟು ದೂರದಲ್ಲಿ ನಿಂತರೆ ಗಾಯ ವಾಸಿಯಾಗುತ್ತದೆ, ಎಷ್ಟು ಹತ್ತಿರ ನಿಂತರೆ ಜೀವ ಹೋಗುತ್ತದೆ ಅಂತ ಅವರು ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕದಲ್ಲಿ ಹುದ್ದೆಯ ಮಾತೇ ಇಲ್ಲ. ಅಮೆರಿಕದ ವಿದ್ಯುತ್ ಸುರಕ್ಷತೆಯ ಇವತ್ತಿನ ನಿಯಮ ಎನ್‌ಎಫ್‌ಪಿಎ 70ಇ ಕೂಡ ಹಾಗೇ. ಆರ್ಕ್ ಫ್ಲ್ಯಾಶ್ ಗಡಿಯೊಳಗೆ, ಅಂದರೆ ಆರ್ಕ್ ಎದ್ದರೆ ಬೊಬ್ಬೆ ಏಳುವಷ್ಟು ಹತ್ತಿರಕ್ಕೆ, ಮೈಯ ಯಾವ ಭಾಗ ಬಂದರೂ ಅದಕ್ಕೆ ರಕ್ಷಣೆ ಇರಬೇಕು. ಸ್ಪ್ಯಾನರ್ ಹಿಡಿದವನ ಕೈಗೂ ಸರಿ, ಟಾರ್ಚ್ ಹಿಡಿದವನ ಕೈಗೂ ಸರಿ.

ಆ ಎಂಜಿನಿಯರ್ ಕೆಟ್ಟವರಲ್ಲ. ಹಾಗಾಗಿಯೇ ನನಗೆ ಜಾಸ್ತಿ ಬೇಜಾರು. ಟೆಕ್ನಿಷಿಯನ್‌ಗೆ ಏನಾದೀತು ಅಂತ ಹೆದರಿ ಸೂಟ್ ತರಿಸಿದ ಮನುಷ್ಯ, ಪಕ್ಕದಲ್ಲಿ ನಿಂತವನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಹೆಲ್ಪರ್‌ಗಳು ಗುತ್ತಿಗೆಯವರು, ಇವತ್ತು ಒಬ್ಬ, ನಾಳೆ ಇನ್ನೊಬ್ಬ. ಹಾಜರಿ ಪುಸ್ತಕದಲ್ಲೇ ನಿಲ್ಲದ ಹೆಸರು ಸೂಟಿನ ಪಟ್ಟಿಗೆ ಎಲ್ಲಿಂದ ಬರಬೇಕು? ಏಣಿ ಹಿಡಿಯುವವನು, ಪ್ಯಾನೆಲ್ ಬಾಗಿಲು ಹಿಡಿಯುವವನು, ಟೂಲ್ ಎತ್ತಿಕೊಡುವವನು, ಎಲ್ಲರೂ ನಮ್ಮ ಬಾಯಲ್ಲಿ “ಸುಮ್ನೆ” ನಿಂತವರೇ.

“ಇವನು ಹೊರಗೆ ಹೋಗಲಿ, ಇಲ್ಲಾಂದ್ರೆ ಮೇಲಿನ ಫೀಡರ್ ಆಫ್ ಮಾಡಿಸಿ,” ಅಂದೆ. ಫೀಡರ್ ಅಂದರೆ ಈ ಪ್ಯಾನೆಲ್‌ಗೆ ಕರೆಂಟ್ ತರುವ ಲೈನ್. ಎಂಜಿನಿಯರ್ ಮುಖ ಸಣ್ಣದಾಯಿತು. ಆದರೂ ಫೋನ್ ಮಾಡಿದರು. ಅನುಮತಿ ಬರುವವರೆಗೆ ಎಲ್ಲರೂ ಕಾದೆವು. ಫೀಡರ್ ಆಫ್ ಆಗಿ, ಬೀಗ ಬಿದ್ದ ಮೇಲೂ ಹುಡುಗನನ್ನು ಬಾಗಿಲಾಚೆಯೇ ನಿಲ್ಲಿಸಿದೆವು. ಕರೆಂಟ್ ನಿಜಕ್ಕೂ ಹೋಗಿದೆ ಅಂತ ಟೆಸ್ಟರ್ ಹಿಡಿದು ನೋಡುವ ತನಕ ಅದು ಇದೆ ಅಂತಲೇ ಲೆಕ್ಕ. ಟೆಕ್ನಿಷಿಯನ್ ಸೂಟ್‌ನಲ್ಲೇ ನೋಡಿ ಕೈ ಎತ್ತಿದ. ಆಮೇಲೆಯೇ ಹುಡುಗ ಒಳಗೆ ಬಂದದ್ದು.

ಹೊರಡುವಾಗ ರಿಪೋರ್ಟಿನಲ್ಲಿ ರಿಲೇ ವಿಷಯದ ಕೆಳಗೆ ಎರಡು ಸಾಲು ಸೇರಿಸಿದೆ. ಗಡಿಯೊಳಗೆ ಹೆಲ್ಪರ್ ಬೇಕೇ ಬೇಕು ಅಂತಾದರೆ ಎರಡನೇ ಸೂಟ್ ಬೇಕು, ಅದೂ ಅವನ ಅಳತೆಯದ್ದು. ಅದು ಬರುವವರೆಗೆ ಈ ಪ್ಯಾನೆಲ್‌ನಲ್ಲಿ ಕರೆಂಟ್ ಇಟ್ಟುಕೊಂಡು ಕೆಲಸ ಬೇಡ. ಎಂಜಿನಿಯರ್ ಓದಿ, ಏನೂ ಹೇಳದೆ ಸಹಿ ಹಾಕಿದರು. ಆರ್ಡರ್ ಹೋಗಿದೆಯಾ ಅಂತ ಸೋಮವಾರ ಫೋನ್ ಮಾಡಿ ಕೇಳುತ್ತೇನೆ.