ಬಾಯಿ ತೆರೆದು ಎಳೆಯುವ ಉಸಿರನ್ನು ನಂಬಬೇಡಿ

ನಾನು ಮೂಡಿಗೆರೆ ಕಡೆ ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದರೆ ಆಸ್ಪತ್ರೆ ಸೇರುವವರೆಗೆ ರೋಗಿಗೆ ತುರ್ತು ಚಿಕಿತ್ಸೆ ಕೊಡುವವಳು. ಘಾಟಿ ರಸ್ತೆ, ತೋಟದೊಳಗಿನ ಮಣ್ಣು ದಾರಿ, ಮಳೆಗಾಲ ಬಂದರೆ ಅಡ್ಡ ಬಿದ್ದ ಮರ. ಕರೆ ಬಂದ ತಕ್ಷಣ ಹೊರಟರೂ ತಲುಪುವುದು ತಡವಾಗುತ್ತದೆ. ಅದಕ್ಕೇ ದಾರಿಯಲ್ಲೇ ಫೋನ್ ಮಾಡಿ ರೋಗಿಯ ಪಕ್ಕ ಇರುವವರ ಜೊತೆ ಮಾತಾಡುತ್ತೇವೆ.

"ಉಸಿರಾಡ್ತಿದಾರಾ?" ಅಂತ ಕೇಳಿದರೆ ಹೆಚ್ಚಿನವರು "ಹ್ಞೂಂ ಮೇಡಂ, ಜೋರಾಗಿ ಎಳೀತಿದಾರೆ" ಅನ್ನುತ್ತಾರೆ. ಕೇಳಿದವರಿಗೆ ಸಮಾಧಾನ ಆಗುವಂಥ ಉತ್ತರ, ಅಲ್ವಾ? ಆದರೆ ನಾನು ಹೆಚ್ಚು ಹೆದರುವುದು ಇದೇ ಉತ್ತರಕ್ಕೆ.

ಹೃದಯ ದಿಢೀರನೆ ನಿಂತಾಗ ಎಲ್ಲರ ಉಸಿರೂ ಅದೇ ಕ್ಷಣಕ್ಕೆ ನಿಲ್ಲುವುದಿಲ್ಲ. ರಕ್ತ ಸಿಗದೆ ಒದ್ದಾಡುವ ಮೆದುಳಿನ ಕಾಂಡ ಆಗೊಮ್ಮೆ ಈಗೊಮ್ಮೆ ಉಸಿರಿನ ಸ್ನಾಯುಗಳನ್ನು ಎಳೆಯುತ್ತದೆ. ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆಯುತ್ತದೆ, ಗಂಟಲಲ್ಲಿ ಗೊರಕೆಯಂಥ ಸದ್ದು, ಆಮೇಲೆ ಸುಮಾರು ಹೊತ್ತು ಏನೂ ಇಲ್ಲ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಶೇ. 40ರಷ್ಟು ಜನರಿಗೆ ಮೊದಲ ನಿಮಿಷಗಳಲ್ಲಿ ಹೀಗಾಗಬಹುದು. ಊರಲ್ಲಿ ಹಿರಿಯರು ಮೇಲುಸಿರು ಅನ್ನುತ್ತಾರೆ. ಕ್ಯಾಷುವಾಲ್ಟಿಯಲ್ಲಿ ನಾವು ಗ್ಯಾಸ್ಪಿಂಗ್ ಅನ್ನುತ್ತೇವೆ. ನಮ್ಮ ಕೆಲಸದಲ್ಲಿ ಅದಕ್ಕೆ ಒಂದೇ ಅರ್ಥ: ಈಗಲೇ ಎದೆ ಒತ್ತು.

ಕಾಫಿ ಕುಯ್ಲಿನ ಸಮಯ. ಕಣದಲ್ಲಿ ಕಾಫಿ ಹರಡುತ್ತಿದ್ದ ಒಬ್ಬರು ಕುಸಿದು ಬಿದ್ದಿದ್ದರು. ಫೋನ್ ಎತ್ತಿದ್ದು ತೋಟದ ಲೆಕ್ಕ ನೋಡಿಕೊಳ್ಳುವ ರೈಟರು. ಮೊದಲು ಕೈಕಾಲು ಸ್ವಲ್ಪ ಅದುರಿತ್ತು, ಪಿಟ್ಸ್ ಅಂದುಕೊಂಡು ಕೈಗೆ ಬೀಗದ ಕೈ ಕೊಟ್ಟಿದ್ದರು. ಹೃದಯ ನಿಂತ ಮೊದಲ ಕ್ಷಣಗಳಲ್ಲಿ ಹೀಗೂ ಅದುರುತ್ತದೆ, ಅದು ಅವರಿಗೆ ಗೊತ್ತಿರಬೇಕಾಗಿಲ್ಲ. "ಉಸಿರಿದೆ ಮೇಡಂ" ಅಂದರು. "ಅಣ್ಣಾ, ಅವರು ಉಸಿರೆಳೆದಾಗೆಲ್ಲ ನಂಗೆ 'ಈಗ' ಅನ್ನಿ" ಅಂದೆ. "ಈಗ" ಅಂದರು. ಕಾದೆ. ಹಿಂದೆ ಯಾರೋ ನೀರು ಕೊಡಿ ಅಂತ ಕೂಗುತ್ತಿದ್ದರು. ಇನ್ನೊಂದು "ಈಗ" ಬರಲೇ ಇಲ್ಲ. ಕೂಗಿ ತಟ್ಟಿದರೆ ಕಣ್ಣು ಬಿಡ್ತಾರಾ ಅಂತ ಕೇಳಿದೆ. ಇಲ್ಲ ಅಂದರು.

"ನೀರು ಬೇಡ. ಫೋನ್ ಸ್ಪೀಕರ್‌ಗೆ ಹಾಕಿ ಕೆಳಗಿಡಿ. ಎದೆ ಮಧ್ಯ, ಒಂದು ಅಂಗೈ ಮೇಲೆ ಇನ್ನೊಂದು. ಮೊಣಕೈ ಬಗ್ಗಿಸಬೇಡಿ. ಒತ್ತಿ."

ನಾವು ತಲುಪಿದಾಗ ರೈಟರು ಬೆವರಿ ತೊಯ್ದಿದ್ದರು, ಇನ್ನೊಬ್ಬ ಹುಡುಗ ಕೈ ಬದಲಾಯಿಸಿಕೊಂಡಿದ್ದ. ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಮೆಷಿನ್ ಎಇಡಿ ಹಚ್ಚಿದೆವು, ಶಾಕ್ ಕೊಟ್ಟೆವು, ನಾಡಿ ಸಿಕ್ಕಿತು. ಆ ಇಬ್ಬರು ಒತ್ತದೇ ಇದ್ದಿದ್ದರೆ ನಮ್ಮ ಮೆಷಿನ್ ಹೋಗಿ ಏನೂ ಪ್ರಯೋಜನ ಇರುತ್ತಿರಲಿಲ್ಲ. ಯಾರೂ ಎದೆ ಒತ್ತದಿದ್ದರೆ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಬದುಕುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ನಮ್ಮ ದಾರಿಗಳಲ್ಲಿ ಹತ್ತು ನಿಮಿಷ ಅನ್ನೋದು ಸುಮ್ನೆ ಕಳೆದುಹೋಗುತ್ತದೆ.

2025ರ ಜೂನ್, ಜುಲೈನಲ್ಲಿ ಪಕ್ಕದ ಹಾಸನದಿಂದ ಹೃದಯಾಘಾತದ ಸುದ್ದಿ ಒಂದರ ಮೇಲೊಂದು ಬಂದಾಗ ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ಆದರೆ ಅಷ್ಟೇ ಆಸಕ್ತಿಯಿಂದ ಒಂದು ಗಂಟೆ ಕೂತು ಎದೆ ಒತ್ತೋದನ್ನೂ ಕಲಿತಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ತೋಟದಲ್ಲಿ, ಬಸ್‌ಸ್ಟ್ಯಾಂಡಲ್ಲಿ, ಮದುವೆ ಛತ್ರದಲ್ಲಿ ಬಿದ್ದವರ ಪಕ್ಕ ಡಾಕ್ಟರ್ ಇರುವುದಿಲ್ಲ, ನೀವು ಇರುತ್ತೀರಿ.

ಆಸ್ತಮಾದವರು ಏದುಸಿರು ಬಿಡುತ್ತಾ ಕೂತಿದ್ದರೆ, ನಿಮ್ಮನ್ನು ನೋಡುತ್ತಿದ್ದರೆ, ಎದೆ ಒತ್ತಬೇಡಿ. ಅವರಿಗೆ ಎಚ್ಚರ ಇದೆ. ಎಚ್ಚರವೂ ಇಲ್ಲ, ಉಸಿರೂ ಸರಿಯಾಗಿಲ್ಲ ಅಂದರೆ ಮಾತ್ರ ಒತ್ತಬೇಕು. ಅದನ್ನು ನೋಡಲು ಹತ್ತು ಸೆಕೆಂಡ್ ಸಾಕು. 108ಕ್ಕೆ ಫೋನ್ ಮಾಡಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ದೊಡ್ಡವರಿಗಾದರೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ, ಸುಸ್ತಾದ ಕೈ ಆಳಕ್ಕೆ ಹೋಗುವುದಿಲ್ಲ.

ಇನ್ನೊಂದು ವಿಷಯ. ಚೆನ್ನಾಗಿ ಒತ್ತುತ್ತಿರುವಾಗ ಮಧ್ಯೆ ಮತ್ತೆ ಬಾಯಿ ತೆರೆದು ಒಂದು ಉಸಿರು ಎಳೆಯಬಹುದು. "ಬಂತು ಬಂತು, ಉಸಿರು ಬಂತು" ಅಂತ ಸುತ್ತ ಇದ್ದವರು ಕೈ ಹಿಡಿದು ನಿಲ್ಲಿಸುತ್ತಾರೆ. ಆ ಉಸಿರು ಬಂದಿದ್ದು ನೀವು ಒತ್ತಿ ಮೆದುಳಿಗೆ ರಕ್ತ ಹೋಗುತ್ತಿರುವುದರಿಂದಲೇ ಇರಬಹುದು. ಅವರು ಕಣ್ಣು ಬಿಟ್ಟು, ಮೈ ಆಡಿಸಿ, ಒಂದೇ ಸಮ ಉಸಿರಾಡುವವರೆಗೆ, ಇಲ್ಲವೇ ನಾವು ಬಂದು ನಿಮ್ಮ ಜಾಗಕ್ಕೆ ಕೂರುವವರೆಗೆ ಒತ್ತುತ್ತಲೇ ಇರಿ.