ನಾನು ನೋಡಿಲ್ಲ ಅಂದ್ಕೊಳ್ಳಿ ಸಾರ್

ಮಂಗಳವಾರದಿಂದ ಈ ಮಾತು ತಲೆಯಲ್ಲಿ ಕೂತುಬಿಟ್ಟಿದೆ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮದು ಚಿಕ್ಕ ಆಫೀಸು. ಅಂಗಡಿಗಳ ಬಿಲ್ಲಿಂಗ್ ಕೆಲಸ. ಲೆಕ್ಕವೆಲ್ಲ ಇರುವುದು ವಿಂಡೋಸ್ ಬದಲು ಉಬುಂಟು ಹಾಕಿದ ಒಂದು ಮಷೀನಿನಲ್ಲಿ, ಎಲ್ಲರಿಗೂ ಒಂದೇ ಲಾಗಿನ್ನು. ಅವತ್ತು ಬೆಳಿಗ್ಗೆ ಬ್ಯಾಕಪ್ ತೆಗೆಯುವಾಗ ಮೈಎಸ್‌ಕ್ಯುಎಲ್ ಡಂಪ್ ಅನ್ನುವ, ಡೇಟಾಬೇಸಿನ ನಕಲು ತೆಗೆಯುವ ಕಮಾಂಡಿನಲ್ಲಿ, ಪಾಸ್‌ವರ್ಡ್‌ಗೆಂದೇ ಇರುವ ಮೈನಸ್ ಪಿ ಪಕ್ಕಕ್ಕೇ ಪಾಸ್‌ವರ್ಡ್ ಸೇರಿಸಿ ಟೈಪ್ ಮಾಡಿದೆ. ವರ್ಷಗಳಿಂದ ಹಾಗೇ ಮಾಡಿಕೊಂಡು ಬಂದಿದ್ದೇನೆ. ಕಮಾಂಡ್ ಬರೆಯುವ ಟರ್ಮಿನಲ್ ಕಿಟಕಿ ಮುಚ್ಚದೆ ಬೆಣ್ಣೆ ದೋಸೆ ತಿನ್ನಲು ಎದ್ದುಹೋದೆ.

ವಾಪಸ್ ಬಂದಾಗ ನನ್ನ ಕುರ್ಚಿಯಲ್ಲಿ ನಮ್ಮ ಹೊಸ ಹುಡುಗಿ ಇದ್ದಳು. ಡಿಪ್ಲೊಮಾ ಮುಗಿಸಿದವಳು, ಕೆಲಸ ಕಲಿಯಲು ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುತ್ತಾಳೆ. ಪ್ರಿಂಟರ್ ನಿಂತುಹೋಗಿತ್ತಂತೆ, ಅದನ್ನು ರೀಸ್ಟಾರ್ಟ್ ಮಾಡುವ ಹಳೇ ಕಮಾಂಡ್ ಸಿಗಲಿ ಅಂತ ಮೇಲ್ಮುಖದ ಬಾಣದ ಕೀ ಒತ್ತಿದ್ದಾಳೆ. ಬಂದದ್ದು ನನ್ನ ಸಾಲು. ನನ್ನೂರಿನ ಹೆಸರು, ಮಗಳು ಹುಟ್ಟಿದ ವರ್ಷ, ಎರಡೂ ಸೇರಿದ ಪಾಸ್‌ವರ್ಡ್ ಸ್ಕ್ರೀನ್ ಮೇಲೆ ಹಾಗೇ ನಿಂತಿತ್ತು. ನನ್ನ ಮೇಲ್‌ಗೂ ಅದೇ.

ಅವಳು ಕೀಬೋರ್ಡಿನಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಹೇಳಿದ್ದು, 'ನಾನು ನೋಡಿಲ್ಲ ಅಂದ್ಕೊಳ್ಳಿ ಸಾರ್.'

ಗಾಬರಿಯಲ್ಲಿ ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ಬುದ್ಧಿವಂತ, ಆದರೆ ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಅವನಿಗಿಲ್ಲ. 'ಹಿಸ್ಟರಿ ಫೈಲ್ ಡಿಲೀಟ್ ಮಾಡು, ಮುಗೀತು' ಅಂದ. ಹಳೇ ಕಮಾಂಡುಗಳು ಉಳಿಯುವ ಫೈಲ್ ಅದು. ಅವನು ಹೇಳಿದಂತೆ ಮಾಡಿದೆ. ಟರ್ಮಿನಲ್ ಮುಚ್ಚಿ ಮತ್ತೆ ತೆರೆದು ಬಾಣ ಒತ್ತಿದರೆ ಅದೇ ಸಾಲು! ಕಾರಣ ಆಮೇಲೆ ಹೊಳೆಯಿತು. ಟರ್ಮಿನಲ್‌ನಲ್ಲಿ ಕಮಾಂಡುಗಳನ್ನು ಓದಿ ನಡೆಸುವ ಬ್ಯಾಶ್ ಅನ್ನುವ ಪ್ರೋಗ್ರಾಂ ನಾವು ಟೈಪ್ ಮಾಡಿದ್ದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಟರ್ಮಿನಲ್ ಮುಚ್ಚುವಾಗ ಫೈಲಿಗೆ ಬರೆಯುತ್ತದೆ. ನಾನು ಅಳಿಸಿದ್ದು ಹಳೇ ಫೈಲನ್ನು, ಬೆಳಗಿನ ಸಾಲು ಇನ್ನೂ ಮೆಮೊರಿಯಲ್ಲೇ ಇತ್ತು. ಹೋದದ್ದು ಎಲ್ಲರಿಗೂ ಬೇಕಾಗಿದ್ದ ಹಳೇ ಕಮಾಂಡುಗಳು. ಉಬುಂಟು ಆ ಫೈಲಿನಲ್ಲಿ 2000 ಸಾಲಿನವರೆಗೆ ಇಟ್ಟುಕೊಂಡಿರುತ್ತದೆ.

ಹಿಸ್ಟರಿ ಅಂತ ಟೈಪ್ ಮಾಡಿದರೆ ಪ್ರತಿ ಸಾಲಿಗೂ ಒಂದು ನಂಬರ್ ಕಾಣುತ್ತದೆ. ಹಿಸ್ಟರಿ ಮೈನಸ್ ಡಿ ಜೊತೆ ಆ ನಂಬರ್ ಕೊಟ್ಟು ಅದೊಂದು ಸಾಲು ತೆಗೆದೆ, ಮೈನಸ್ ಡಬ್ಲ್ಯೂ ಕೊಟ್ಟು ಫೈಲಿಗೆ ಬರೆಸಿದೆ. ಪೂರ್ತಿ ಖಾಲಿ ಮಾಡಬೇಕಾದರೆ ಮೊದಲು ಮೈನಸ್ ಸಿ, ಆಮೇಲೆ ಮೈನಸ್ ಡಬ್ಲ್ಯೂ. ಬೇರೆ ಟರ್ಮಿನಲ್ ತೆರೆದಿದ್ದರೆ ಅದರ ಮೆಮೊರಿ ಬೇರೆ, ಅಲ್ಲೂ ನೋಡಬೇಕು.

ಮಷೀನಿನಿಂದ ಅಳಿಸಿದ್ದಾಯಿತು. ಹುಡುಗಿಯ ತಲೆಯಿಂದ?

ರಾತ್ರಿ ನಿದ್ದೆ ಬರಲಿಲ್ಲ. ಅವಳ ಮೇಲೆ ಅನುಮಾನ ಇರಲಿಲ್ಲ. ಆ ಕೈಗಳನ್ನು ನೋಡಿದ ಮೇಲೆ ಅನುಮಾನ ಹೇಗೆ ಬರುತ್ತದೆ? ಆದರೆ ನಾಳೆ ಯಾವುದೋ ಅಂಗಡಿಯ ಲೆಕ್ಕ ಹೆಚ್ಚುಕಡಿಮೆ ಆದರೆ, ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು ಅಂತ ಕೇಳುತ್ತಾರೆ. ನಮ್ಮ ಓನರ್ ಒಳ್ಳೆಯವರೇ, ಆದರೆ ಏನು ಕಳೆದರೂ ಮೊದಲು ನೋಡುವುದು ಹೊಸಬರ ಮುಖವನ್ನು. ಮನೆಯಲ್ಲಿ ನಮ್ಮಮ್ಮ ಕೆಲಸದವಳು ಬರುವ ಹೊತ್ತಿಗೆ ಮೇಜಿನ ಮೇಲೆ ದುಡ್ಡು ಬಿಟ್ಟರೆ ಬೈಯುತ್ತಿದ್ದಳು. 'ಅವಳು ತಗೊಂತಾಳೆ ಅಂತಲ್ಲೋ, ನೀನೇ ಎಲ್ಲೋ ಕಳ್ಕೊಂಡ್ರೂ ಮಾತು ಅವಳ ಮೇಲೆ ಬರುತ್ತೆ.' ಗುಟ್ಟು ಕಾಪಾಡುವುದು ನನ್ನ ಸೊತ್ತಿಗೋಸ್ಕರ ಅಂತಲೇ ಇಷ್ಟು ದಿನ ತಿಳಿದಿದ್ದೆ. ಆ ಹುಡುಗಿಯ ಹೆಸರೂ ಅದರಲ್ಲಿದೆ ಅಂತ ಯೋಚನೆಯೇ ಬಂದಿರಲಿಲ್ಲ.

ಬುಧವಾರ ಬೇಗ ಹೋಗಿ ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದೆ, ಮೇಲ್‌ದೂ ಬೇರೆ ಮಾಡಿದೆ. ಹಳೇ ಬ್ಯಾಕಪ್‌ಗಳಲ್ಲಿ ಆ ಹಿಸ್ಟರಿ ಫೈಲ್ ಎಷ್ಟು ಕಡೆ ಕೂತಿದೆಯೋ, ಹುಡುಕುತ್ತಾ ಹೋಗುವುದಕ್ಕಿಂತ ಇದೇ ಸರಿ. ಈಗ ಮೈನಸ್ ಪಿ ಬರೆದು ಅಲ್ಲಿಗೇ ಬಿಡುತ್ತೇನೆ, ಪಾಸ್‌ವರ್ಡನ್ನು ಆ ಕಮಾಂಡೇ ಕೇಳುತ್ತದೆ, ಟೈಪ್ ಮಾಡಿದ್ದು ಕಾಣುವುದೂ ಇಲ್ಲ, ಹಿಸ್ಟರಿಗೆ ಸೇರುವುದೂ ಇಲ್ಲ. ಅವಳಿಗೊಂದು ಬೇರೆ ಲಾಗಿನ್ ಮಾಡಿಟ್ಟೆ.

ಅವಳು ಬಂದ ತಕ್ಷಣ ಹೇಳಿದೆ, 'ಪಾಸ್‌ವರ್ಡ್ ಬದಲಾಯಿಸಿದೆ ಕಣಮ್ಮ.'

ಬ್ಯಾಗ್ ಇನ್ನೂ ಹೆಗಲಲ್ಲೇ ಇತ್ತು. 'ಹಂಗಾದ್ರೆ ಇನ್ನು ನಾನು ಮರೀಬೇಕಿಲ್ಲ ಅಲ್ವಾ ಸಾರ್' ಅಂದಳು.