ಭಾವನ ಇಸಿಜಿಯಲ್ಲಿ ಕುಳ್ಳ ಗೆರೆಗಳು

ಹರ್ನಿಯಾ ಆಪರೇಷನ್‌ಗೆ ಮುಂಚೆ ಇಸಿಜಿ ಮಾಡಿಸಿ ಅಂದಿದ್ದರು. ಭಾವನ ತೂಕ 118 ಕೆಜಿ. ಅಕ್ಕನ ಜೊತೆ ನಾನೂ ಹೋಗಿದ್ದೆ.

ಟೆಕ್ನಿಷಿಯನ್ ಹುಡುಗಿ ಭಾವನ ಎದೆ ಮೇಲೆ ಬೆರಳಿಟ್ಟು ಪಕ್ಕೆಲುಬು ಎಣಿಸತೊಡಗಿದಳು. ಎದೆಗೆ ಕಚ್ಚಿಸುವ ರಬ್ಬರ್ ಬಲ್ಬ್‌ಗಳಲ್ಲಿ ಯಾವುದು ಯಾವ ಸಂದಿಗೆ ಅಂತ ಲೆಕ್ಕ ಇರುತ್ತದೆ. ಎಣಿಕೆ ತಪ್ಪಿತು, ಮತ್ತೆ ಮೇಲಿಂದ ಶುರು. ಒತ್ತಿದಷ್ಟೂ ಮೂಳೆ ಸಿಗುತ್ತಿರಲಿಲ್ಲ. "ಸರ್, ಉಸಿರು ಮಾಮೂಲಿ ಬಿಡಿ, ಅಲ್ಲಾಡಬೇಡಿ" ಅಂದಳು. ಕೊನೆಗೂ ಗುಲಾಬಿ ಚೌಕದ ಕಾಗದ ಹೊರಬಂತು. ಗೆರೆಗಳೆಲ್ಲ ಕುಳ್ಳಕುಳ್ಳ.

ಅಕ್ಕನ ಮುಖ ಸಣ್ಣಗಾಯಿತು. "ಹಾರ್ಟ್ ವೀಕಾ ಡಾಕ್ಟ್ರೇ?"

"ಹಾಗೇನಿಲ್ಲಮ್ಮ. ಎದೆ ಮೇಲಿನ ಕೊಬ್ಬು ಅಡ್ಡ ಬಂದಿದೆ. ಕಂಬಳಿ ಹೊದ್ದು ಮಾತಾಡಿದ ಹಾಗೆ, ದನಿ ಸಣ್ಣಗೆ ಕೇಳುತ್ತೆ ಅಷ್ಟೇ" ಅಂದರು.

ಹೃದಯದ ಕರೆಂಟು ಒಂದು ಮಿಲಿವೋಲ್ಟ್ ಇದ್ದರೆ ಗೆರೆ 10 ಮಿಲಿಮೀಟರ್ ಏಳುವ ಹಾಗೆ ಯಂತ್ರ ಹೊಂದಿಸಿರುತ್ತಾರೆ. ಕೈಕಾಲಿನ ಲೀಡುಗಳಲ್ಲಿ, ಅಂದರೆ ಅಲ್ಲಿ ಕಟ್ಟಿದ ತಂತಿಗಳಿಂದ ಬಂದ ಗೆರೆಗಳಲ್ಲಿ, ಭಾವನದು 5 ಮಿಲಿಮೀಟರ್ ಕೂಡ ದಾಟಿರಲಿಲ್ಲ. ಹೊಟ್ಟೆ ಒತ್ತಿ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮೇಲೇರಿದರೆ ಹೃದಯ ಅಡ್ಡಡ್ಡ ಮಲಗುತ್ತದಂತೆ. ಆಗ ಕರೆಂಟು ಹರಿಯುವ ದಿಕ್ಕೂ ಎಡಕ್ಕೆ ವಾಲಿದ ಹಾಗೆ ಕಾಗದದಲ್ಲಿ ಕಾಣುತ್ತದೆ.

ಭಾವ ಆಗಲೇ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆದರೆ ಡಾಕ್ಟರು ಬಿಡಲಿಲ್ಲ. ಬಿಪಿ ಇರುವವರ ಹೃದಯದ ಗೋಡೆ ದಪ್ಪಗಾದರೆ ಇಸಿಜಿ ಗೆರೆ ಎತ್ತರವಾಗಿ ಸುಳಿವು ಕೊಡಬೇಕು. ದಪ್ಪ ಇರುವವರಲ್ಲಿ ಆ ಸುಳಿವೇ ಮುಚ್ಚಿಹೋಗಬಹುದು. ಹೃದಯದ ಸುತ್ತ ನೀರು ತುಂಬಿದರೂ ಗೆರೆ ಹೀಗೇ ಕುಗ್ಗುತ್ತದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ನೀರು ಇರಲಿಲ್ಲ, ಗೋಡೆ ಮಾತ್ರ ಸ್ವಲ್ಪ ದಪ್ಪಗಾಗಿತ್ತು.

"ಗೊರಕೆ ಹೊಡೀತಾರಾ?" ಅಂತ ಕೇಳಿದರು. ಅಕ್ಕ ಇದಕ್ಕೇ ಕಾಯುತ್ತಿದ್ದವಳ ಹಾಗೆ ವರ್ಷಗಳ ದೂರನ್ನೆಲ್ಲ ಬಿಚ್ಚಿಟ್ಟಳು. ನಿದ್ದೆಯಲ್ಲಿ ಉಸಿರು ಕಟ್ಟುವುದು, ಹೃದಯಕ್ಕೆ ಅಂಟಿದ ಕೊಬ್ಬು, ಹಿಗ್ಗಿದ ಎಡ ಹೃತ್ಕರ್ಣ (ಹೃದಯದ ಮೇಲಿನ ಎಡ ಕೋಣೆ), ಇವೆಲ್ಲ ಸೇರಿದರೆ ಬಡಿತದ ತಾಳವೇ ತಪ್ಪಬಹುದು. ಏಟ್ರಿಯಲ್ ಫಿಬ್ರಿಲೇಷನ್ ಅಂತಾರಲ್ವಾ, ಅದು. ಮನೆಗೆ ಬಂದು ಓದಿದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 2004ರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದೊಂದು ಅಂಕ ಏರಿದಾಗಲೂ ಈ ತೊಂದರೆಯ ಅಪಾಯ ಶೇ. 4ರಷ್ಟು ಹೆಚ್ಚುತ್ತದೆ ಎಂದಿತ್ತು. ಆದರೆ 2015ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಬಂದ ವರದಿ ನನಗೆ ಜಾಸ್ತಿ ಇಷ್ಟವಾಯಿತು. ಈ ತೊಂದರೆ ಇದ್ದೂ ಶೇ. 10ರಷ್ಟು ತೂಕ ಇಳಿಸಿ ಹಾಗೇ ಉಳಿಸಿಕೊಂಡವರಲ್ಲಿ ತಾಳ ತಪ್ಪದೇ ಇರುವ ಸಾಧ್ಯತೆ ಆರು ಪಟ್ಟು!

ಭಾವನಿಗೆ ಲೆಕ್ಕ ಹೇಳಿದೆ: ಹನ್ನೆರಡು ಕೆಜಿ. "ಅಷ್ಟೇನಾ" ಅಂದರು.

ಆಪರೇಷನ್ ಮುಗಿದಿದೆ. ರಾತ್ರಿ ಉಸಿರು ಕಟ್ಟದ ಹಾಗೆ ಗಾಳಿ ಒತ್ತುವ ಮಾಸ್ಕ್ ಹಾಕಿಕೊಂಡು ಮಲಗುತ್ತಾರೆ, ಗೊರಕೆ ನಿಂತಿದೆ. ತೂಕ ಮಾತ್ರ 112ಕ್ಕೆ ಬಂದು ಅಲ್ಲೇ ಕೂತಿದೆ.